ಮನೆಯಲ್ಲಿ ಬೇಯಿಸಿ ಸಾಬೂನು ಮಾಡುವ ಕ್ರಮ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪೂರ್ವದಲ್ಲಿ ತಲೆಗೆ ಸೀಗೆಪುಡಿಯೂ, ಮೈಗೆ ಕಡಲೆಹಿಟ್ಟೂ, ಬಟ್ಟೆಗೆ ಅಂಟುವಾಳಕಾಯಿ ಇಲ್ಲವೆ ಚೌಳುಮಣ್ಣೂ ಸಾಕಾಗುತ್ತಿದ್ದುವು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ಇಳಿಸುವ ಕೆಲಸವು ಆರಂಭವಾಗಿ, ಅದರ ಬೆನ್ನಿಗೇ ಸರ್ಕಾರದ ಸಾಬೂನು ಕಾರ್ಖಾನೆಯೂ ನಡೆಯತೊಡಗಿತು. ಕ್ರಮೇಣ ಸಾಬೂನು ಹಳ್ಳಿಯ ಅಂಗಡಿಗೂ ಬಂದು ದಿನಬಳಕೆಯ ಸಾಮಾನಾಯಿತು. ತಿಪಟೂರು, ಅರಸೀಕೆರೆಗಳ ಕಡೆಯ ತೆಂಗಿನ ಬೆಳೆಗಾರನಾಗಲಿ, ಚಳ್ಳಕೆರೆಯ ಕಡೆಯ ಕಡಲೆಕಾಯಿ ಬೆಳೆಗಾರನಾಗಲಿ, ತನ್ನ ಹೊಲದ ಎಣ್ಣೆಯಿಂದ ಮನೆಗೆ ಬೇಕಾದ ಸಾಬೂನನ್ನು ತಾನೇ ಮಾಡಿಕೊಳ್ಳಬಹುದಲ್ಲವೆ ಎಂದು ಕೇಳುವುದು ಸಹಜವಾಗಿದೆ. ಮಾಡಿಕೊಳ್ಳಬಹುದು, ಅದಕ್ಕೆ ಯಂತ್ರವೇನೂ ಬೇಕಿಲ್ಲ. ಆದರೆ ಈ ಕೆಲಸದಲ್ಲಿ ಒಂದೇ ಒಂದು ಕಡೆ ಅಂದಾಜು ಸಲ್ಲದು. ಆ ಒಂದು ಕಡೆ ಅಂದಾಜಿನಿಂದ ನಡೆದವರ ಸಾಬೂನು ಕೈಯ ಚರ್ಮವನ್ನು ಸುಡುವುದು. ಆದುದರಿಂದ ಕುದಿಸುವ ಕ್ರಮಕ್ಕಿಂತ ಮೊದಲು ತೂಕದ ವಿಷಯವನ್ನು ವಿವರಿಸುವುದು ಯುಕ್ತವು.

ಸಾಬೂನೆಂಬುದು ಎಣ್ಣೆಯೂ ಅಲ್ಲ, ಕ್ಷಾರವೂ ಅಲ್ಲ. ಇವೆರಡೂ ಕೂಡಿ ತಮ್ಮ ಗುಣವನ್ನು ಬಿಟ್ಟು ಮಾರ್ಪಟ್ಟ ಮೂರನೆಯ ಪದಾರ್ಥ. ಎಣ್ಣೆಯಲ್ಲಿ ಮೇದಾಮ್ಲಗಳು ಗ್ಲಿಸರಿನ್ನಿನೊಡನೆ ಬೆಸೆದುಕೊಂಡಿರುವುವು. ಕಾಸ್ಟಿಕ್ ಸೋಡದ ನೀರು ಬಿಸಿ ಎಣ್ಣೆಗೆ ಬಿದ್ದಾಗ ಆ ಬೆಸುಗೆ ಬಿಟ್ಟು, ಮೇದಾಮ್ಲವು ಸೋಡದೊಡನೆ ಸೇರಿ ಸಾಬೂನಾಗುವುದು. ಗ್ಲಿಸರಿನ್ನು ಬೇರೆಯಾಗಿ ಅದರಲ್ಲಿಯೇ ಉಳಿಯುವುದು. ಫ್ರಾನ್ಸ್ ದೇಶದ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದನು. ಅದಕ್ಕೆ ಮುಂಚೆ ಸಾವಿರಾರು ವರ್ಷ ಜನರು ಸಾಬೂನು ಮಾಡುತ್ತಿದ್ದರೂ ಕಾರಣವನ್ನು ಅರಿತಿರಲಿಲ್ಲ. ಒಂದು ಕಿಲೋ ಎಣ್ಣೆಯಿಂದ ಸುಮಾರು ನೂರು ಗ್ರಾಂನಷ್ಟು ಗ್ಲಿಸರಿನ್ನು ಹೊರಡುವುದು. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಉಪ್ಪುನೀರಿನಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಮಾರುವುದುಂಟು. ಮನೆಯ ಸಾಬೂನಿನಲ್ಲಿ ಅದು ಹಾಗೆಯೇ ನಿಂತು ಚರ್ಮ ಒಣಗದಂತೆ ನೋಡಿಕೊಳ್ಳುವುದು. ಮನೆಯ ಸಾಬೂನಿನ ನಿಜವಾದ ಹೆಚ್ಚಳವೇನಾದರೂ ಇದ್ದರೆ ಇದೇ ಆಗಿದೆ.

ಎಲ್ಲ ಎಣ್ಣೆಗಳೂ ಒಂದೇ ಪ್ರಮಾಣದ ಸೋಡವನ್ನು ತೆಗೆದುಕೊಳ್ಳುವುದಿಲ್ಲ. ರೈತನಿಗೆ ಇದು ಕಷ್ಟದ ವಿಷಯವಲ್ಲ. ಒಂದೇ ತೂಕದ ರಾಗಿಯನ್ನೂ ಅವರೆಯನ್ನೂ ಎದುರಿಗಿಟ್ಟರೆ ರಾಗಿಯಲ್ಲಿ ಕಾಳುಗಳ ಸಂಖ್ಯೆಯು ಬಹಳ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಮೊದಲಾದ ಆಮ್ಲಗಳ ಕಣಗಳು ಚಿಕ್ಕವು, ರಾಗಿಯ ಹಾಗೆ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲದ ಕಣಗಳು ದೊಡ್ಡವು, ಅವರೆಯ ಹಾಗೆ. ಕಣವೊಂದಕ್ಕೆ ಸೋಡದ ಕಣವೊಂದು ಬೇಕಾಗಿರುವುದರಿಂದ ಕೊಬ್ಬರಿ ಎಣ್ಣೆಯು ಹೆಚ್ಚು ಸೋಡವನ್ನು ನುಂಗುವುದು. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ, ತಾಳೆ ಎಣ್ಣೆಗೆ 142, ಕಡಲೆಕಾಯಿ ಎಣ್ಣೆಗೆ 136, ಎಳ್ಳೆಣ್ಣೆಗೆ 134, ಹೊಂಗೆ ಎಣ್ಣೆಗೆ 130, ಹರಳೆಣ್ಣೆಗೆ 128 ಗ್ರಾಂ ಕಾಸ್ಟಿಕ್ ಸೋಡ ಹಿಡಿಯುವುದು. ಈ ಅಂಕಿಗಳನ್ನು ಅಡಿಗೆಮನೆಯ ಗೋಡೆಯ ಮೇಲಲ್ಲ, ಸೋಡದ ಡಬ್ಬಿಯ ಮೇಲೆಯೇ ಬರೆದು ಅಂಟಿಸುವುದು ಮೇಲು.

ಈ ಅಂಕಿಗಳನ್ನು ಉಪೇಕ್ಷಿಸಿದರೆ ಆಗುವುದೇನು? ಒಬ್ಬ ಗೃಹಿಣಿಯು ಕೊಬ್ಬರಿ ಎಣ್ಣೆಯ ಸಾಬೂನು ಮಾಡುವುದನ್ನು ನೆಂಟರ ಮನೆಯಲ್ಲಿ ನೋಡಿ ಕಲಿತು ಬಂದಳೆಂದು ಭಾವಿಸೋಣ. ಕಿಲೋ ಎಣ್ಣೆಗೆ ಇಷ್ಟು ಲೋಟ ಸೋಡ ಎಂದು ಅವಳು ನೆನಪಿಟ್ಟಿದ್ದಾಳೆ. ಆ ಸಲ ಮನೆಯಲ್ಲಿ ಕೊಬ್ಬರಿ ಎಣ್ಣೆ ಮುಗಿದಿದ್ದು ಗಾಣದಿಂದ ಬಂದ ಕಡಲೆಕಾಯಿ ಎಣ್ಣೆ ಇದೆ. ಎಣ್ಣೆ ಎಣ್ಣೆಯೇ ಎಂದು ಅದನ್ನೇ ಬಳಸುತ್ತಾಳೆ. 183 ಗ್ರಾಂ ಸೋಡ ಬಿದ್ದ ಕಡೆ ಬೇಕಾಗಿದ್ದುದು 136 ಗ್ರಾಂ ಮಾತ್ರ. ಉಳಿದ 47 ಗ್ರಾಂ ಎಣ್ಣೆ ಸಿಕ್ಕದೆ ಬರಿಯ ಕಾಸ್ಟಿಕ್ಕಾಗಿಯೇ ಸಾಬೂನಿನೊಳಗೆ ಕುಳಿತಿರುವುದು. ಬಿಲ್ಲೆಯು ನೋಡುವುದಕ್ಕೆ ಬೆಳ್ಳಗೆ ಗಟ್ಟಿಯಾಗಿ, ಪೇಟೆಯದಕ್ಕಿಂತ ಚೆನ್ನಾಗಿಯೇ ಕಾಣುವುದು. ಅದರಿಂದ ಮಗುವಿಗೆ ಸ್ನಾನ ಮಾಡಿಸಿದ ಸಂಜೆ ಮಗುವಿನ ಮೈ ಕೆಂಪಾಗಿ ಉರಿಯೇಳುವುದು. ಇನ್ನು ಲೋಟದ ಅಳತೆಯ ದೋಷವು ಬೇರೆ: ಕಾಸ್ಟಿಕ್ ಸೋಡವು ಚಕ್ಕೆಯಾಗಿಯೂ ಕಾಳಾಗಿಯೂ ಬರುವುದುಂಟು, ಒಂದು ಲೋಟ ಚಕ್ಕೆಯ ತೂಕವೂ ಒಂದು ಲೋಟ ಕಾಳಿನ ತೂಕವೂ ಸಮವಲ್ಲ. ಎಣ್ಣೆಯನ್ನಾಗಲಿ ಸೋಡವನ್ನಾಗಲಿ ಲೋಟ, ಚಮಚೆ, ಪಾವುಗಳಲ್ಲಿ ಎಂದಿಗೂ ಅಳೆಯಕೂಡದು. ಒಂದು ಗ್ರಾಂ ತನಕ ತೋರಿಸುವ ಅಡಿಗೆಮನೆಯ ತಕ್ಕಡಿಯು ಈಗ ಎಲ್ಲ ಪಟ್ಟಣಗಳಲ್ಲಿಯೂ ದೊರೆಯುವುದು. ಅದನ್ನು ಕೊಳ್ಳುವುದಕ್ಕೆ ಮನಸ್ಸಿಲ್ಲದವರು ಸಾಬೂನನ್ನೂ ಅಂಗಡಿಯಿಂದಲೇ ಕೊಳ್ಳುವುದು ಒಳ್ಳೆಯದು.

ಎಣ್ಣೆಗಳ ಆಯ್ಕೆ:—ಕೊಬ್ಬರಿ ಎಣ್ಣೆಯಿಂದ ಸಾಬೂನು ಗಟ್ಟಿಯಾಗಿ, ನೊರೆ ಬೇಗನೆ ಬರುವುದು. ಗಡಸುನೀರಿನಲ್ಲಿಯೂ, ಉಪ್ಪುನೀರಿನಲ್ಲಿಯೂ ಕೂಡ ನೊರೆಯೇಳುವ ಗುಣ ಇದಕ್ಕೆ ಮಾತ್ರ ವಿಶೇಷವಾಗಿದೆ. ಆದರೆ ಅದೊಂದನ್ನೇ ಬಳಸಿದರೆ ಮೈಯ ಜಿಡ್ಡನ್ನೆಲ್ಲ ಎಳೆದು ಚರ್ಮವನ್ನು ಬಿರಿಸುವುದು. ಕಡಲೆಕಾಯಿ ಎಣ್ಣೆಯ ಸಾಬೂನು ಮೃದು, ನೊರೆ ಕಡಿಮೆ. ಹರಳೆಣ್ಣೆಯು ಸ್ವಲ್ಪ ಸೇರಿದರೆ ನೊರೆ ನಿಲ್ಲುವುದು. ಹೆಚ್ಚಾದರೆ ಸಾಬೂನು ಅಂಟಂಟಾಗುವುದು. ಆದುದರಿಂದ ಸ್ನಾನದ ಸಾಬೂನಿಗೆ ಕೊಬ್ಬರಿ ಎಣ್ಣೆ 400 ಗ್ರಾಂ, ಕಡಲೆಕಾಯಿ ಎಣ್ಣೆ 500 ಗ್ರಾಂ, ಹರಳೆಣ್ಣೆ 100 ಗ್ರಾಂ ಎಂಬ ಪಾಕವು ಹೊಸಬರಿಗೆ ತಕ್ಕುದು.

ಇದರ ಸೋಡದ ಲೆಕ್ಕವನ್ನು ಒಂದು ಸಲ ಬರೆದು ನೋಡಬೇಕು. ಕೊಬ್ಬರಿ ಎಣ್ಣೆಗೆ 73.2, ಕಡಲೆಕಾಯಿ ಎಣ್ಣೆಗೆ 68, ಹರಳೆಣ್ಣೆಗೆ 12.8, ಒಟ್ಟು 154 ಗ್ರಾಂ. ಇಷ್ಟನ್ನೂ ಹಾಕಿದರೆ ಎಣ್ಣೆಯೆಲ್ಲ ಸಾಬೂನಾಗಿ ಲೆಕ್ಕವು ಸರಿಗೆ ಸರಿಯಾಗುವುದು. ತಕ್ಕಡಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಕಾಸ್ಟಿಕ್ಕು ಉಳಿದೀತು. ಆದುದರಿಂದ ನೂರಕ್ಕೆ ಐದರಷ್ಟು ಸೋಡವನ್ನು ಕಡಿಮೆ ಮಾಡಿ 146 ಗ್ರಾಂ ಮಾತ್ರ ಹಾಕತಕ್ಕದ್ದು. ಆಗ ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿದು ಚರ್ಮಕ್ಕೆ ಹಿತವಾಗುವುದು. ನೀರು 380 ಗ್ರಾಂ. ಮಳೆಯ ನೀರು ಇಲ್ಲವೆ ಭಟ್ಟಿ ಇಳಿಸಿದ ನೀರು ಉತ್ತಮ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ಗಷ್ಟಾಗುವುದು.

ಐದರಷ್ಟು ಕಡಿಮೆ ಮಾಡಿದ ಮೇಲೆ ಎಣ್ಣೆ ಯಾವುದಾದರೇನು ಎನ್ನುವವರುಂಟು. ಈ ರಿಯಾಯಿತಿಯು ಕೈತಪ್ಪಿಗೆ ಸಾಕು, ಕಲಬೆರಕೆಗೆ ಸಾಲದು. ಕೊಬ್ಬರಿ ಎಣ್ಣೆಯೆಂದು ತಂದ 400 ಗ್ರಾಂ ನಿಜವಾಗಿ ತಾಳೆ ಎಣ್ಣೆಯೇ ಆಗಿದ್ದರೆ ಸೋಡವು 16 ಗ್ರಾಂನಷ್ಟು ಹೆಚ್ಚಾಗುವುದು. ರಿಯಾಯಿತಿಯಾಗಿ ಬಿಟ್ಟದ್ದು 8 ಗ್ರಾಂ ಮಾತ್ರ. ತಲೆಗೆ ಹಚ್ಚುವ ಕೆಲವು ಸುವಾಸನೆಯ ಎಣ್ಣೆಗಳಲ್ಲಿ ಖನಿಜತೈಲ ಸೇರಿರುವುದುಂಟು. ಅದು ಸೋಡದೊಡನೆ ಕೂಡುವುದೇ ಇಲ್ಲ. ತಾನು ಕಣ್ಣಾರೆ ಕಂಡು ಗಾಣದಲ್ಲಿ ಆಡಿಸಿದ ಎಣ್ಣೆಯು ಸಾಬೂನಿಗೆ ಬೆಲೆಯುಳ್ಳದ್ದೆಂಬುದು ಇದರಿಂದಲೇ. ಇದರಲ್ಲಿ ಬೆಳೆಗಾರನಿಗೆ ಪೇಟೆಯವನಿಗಿಂತ ಅನುಕೂಲವಿದೆ.

ಸೋಡವನ್ನು ಕೊಳ್ಳುವಾಗ ಹೆಸರನ್ನು ಸರಿಯಾಗಿ ಹೇಳಬೇಕು. ಅಡಿಗೆ ಸೋಡವೂ ಬಟ್ಟೆ ಒಗೆಯುವ ವಾಷಿಂಗ್ ಸೋಡವೂ ಬೇರೆ ಬೇರೆ ಪದಾರ್ಥಗಳು. ಇವುಗಳಿಂದ ಈ ಕ್ರಮದಲ್ಲಿ ಸಾಬೂನು ಆಗುವುದಿಲ್ಲ. (ಚೌಳುಮಣ್ಣಿನ ಸಾರವು ವಾಷಿಂಗ್ ಸೋಡದ ಜಾತಿಯದು. ಅದನ್ನು ಸುಣ್ಣದೊಡನೆ ಕುದಿಸಿ ತೀಕ್ಷ್ಣವಾದ ಕ್ಷಾರವನ್ನಾಗಿ ಮಾಡಿಕೊಂಡ ಮೇಲೆಯೇ ಹಿಂದಿನವರು ಅದರಿಂದ ಸಾಬೂನು ಬೇಯಿಸುತ್ತಿದ್ದುದು.) ಚರಂಡಿ ಶುದ್ಧಿಗೆಂದು ಮಾರುವ ಪುಡಿಗಳಲ್ಲಿ ಬೇರೆ ಪದಾರ್ಥಗಳು ಬೆರೆತಿರುವುದರಿಂದ ಅವೂ ಸಲ್ಲವು. ಶುದ್ಧತೆಯನ್ನು ಮುದ್ರಿಸಿದ ಮುಚ್ಚಿದ ಡಬ್ಬಿಯನ್ನೇ ಕೇಳಿ ತರಬೇಕು. ತೆರೆದಿಟ್ಟ ಸೋಡವು ಗಾಳಿಯ ತೇವವನ್ನು ಹೀರಿ ಒದ್ದೆಯಾಗಿ ಅಂಟಿಕೊಳ್ಳುವುದು. ಅಂತಹುದನ್ನು ತೂಗಿದರೆ ನೀರನ್ನೂ ಕೂಡಿಸಿ ತೂಗಿದಂತಾಗುವುದು.

ಪಾತ್ರೆಗಳು:—ಅಲ್ಯೂಮಿನಿಯಂ ಪಾತ್ರೆಯನ್ನು ಈ ಕೆಲಸಕ್ಕೆ ಮುಟ್ಟಲೇಕೂಡದು. ಕಾಸ್ಟಿಕ್ ನೀರು ಅದನ್ನು ಕರಗಿಸಿ ಬುರುಬುರನೆ ಜಲಜನಕ ವಾಯುವನ್ನು ಎಬ್ಬಿಸುವುದು. ಒಲೆಯ ಬಳಿ ಆ ವಾಯುವು ಹತ್ತಿಕೊಳ್ಳಬಲ್ಲದು. ಕಲಾಯಿ ಮಾಡಿದ ಹಿತ್ತಾಳೆ, ತಾಮ್ರದ ಪಾತ್ರೆಗಳು ಹಳ್ಳಿಯ ಮನೆಗಳಲ್ಲಿ ಇನ್ನೂ ಇವೆ. ಕಲಾಯಿಯ ತವರವನ್ನೂ ಹಿತ್ತಾಳೆಯ ಸತುವನ್ನೂ ಬಿಸಿ ಕ್ಷಾರವು ತಿನ್ನುವುದರಿಂದ ಅವು ಕೂಡದು. ಸತುವಿನ ಲೇಪದ ಬಕೆಟ್ಟಿಗೂ ಇದೇ ದೋಷ. ಗಾಜು ಕಾವಿಗೆ ಸೀಳಬಹುದು. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯೊಂದೇ ನಿಶ್ಚಿಂತೆಯಾದುದು. ಸಾಬೂನು ಬೇಯುವಾಗ ಹಾಲಿನಂತೆ ಉಕ್ಕಿ ಬರುವುದುಂಟಾದ್ದರಿಂದ ಪಾತ್ರೆಯು ಎಣ್ಣೆ ನೀರುಗಳ ಮೂರರಷ್ಟು ಹಿಡಿಯುವಂತಹುದಿರಬೇಕು. ಅದನ್ನು ಒಳಗಿಡುವಷ್ಟು ಅಗಲವಾದ ಬೇರೊಂದು ಪಾತ್ರೆ, ಉದ್ದ ಹಿಡಿಯ ಸ್ಟೀಲು ಸೌಟು, ಕಾವನ್ನಳೆಯುವ ಉಷ್ಣಮಾಪಕ, ಸೋಡದ ನೀರಿಗೆ ಒಂದು ಸ್ಟೀಲು ಚೊಂಬು, ಇಷ್ಟು ಸಾಕು. ಮಜ್ಜಿಗೆ ಕಡೆಯುವ ಕಡಗೋಲಿನಿಂದ ಕಲಸಿದರೆ ಕೆಲಸ ಬೇಗನೆ ಸಾಗುವುದು ನಿಜ; ಆದರೆ ಆ ಕಡಗೋಲು ಮತ್ತೆ ಮಜ್ಜಿಗೆಯ ಗಡಿಗೆಗೆ ಹೋಗತಕ್ಕದ್ದಲ್ಲ. ಸಾಬೂನಿನ ಸಾಮಾನುಗಳನ್ನು ಗುರುತು ಹಾಕಿ ಪ್ರತ್ಯೇಕವಾಗಿಡಬೇಕು.

ಕಾಸ್ಟಿಕ್ ಸೋಡದ ಅಪಾಯವನ್ನು ಕಡಿಮೆಮಾಡಿ ಹೇಳುವುದು ತಪ್ಪು. ಇದರ ನೀರು ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಕ್ಕಳು ಹಾಲೆಂದೋ ನೀರೆಂದೋ ಒಂದು ಗುಟುಕು ಕುಡಿದರೆ ಅನ್ನನಾಳವು ಸುಟ್ಟು, ಉಳಿದರೂ ಅನ್ನ ನುಂಗಲಾಗದ ಸ್ಥಿತಿ ಬಂದೀತು. ಆದುದರಿಂದ ಮಕ್ಕಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ, ನಾಯಿ ದನಗಳು ಸುಳಿಯದ ಕಡೆ, ಹಿತ್ತಲಿನ ಬಯಲಿನಲ್ಲಿ ಈ ಕೆಲಸವನ್ನು ಮಾಡಬೇಕು. ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ, ಮೊಣಕೈವರೆಗಿನ ರಬ್ಬರು ಕೈಚೀಲ, ತುಂಬು ತೋಳಿನ ನೂಲಿನ ಬಟ್ಟೆ, ಕಾಲಿಗೆ ಮುಚ್ಚಿದ ಜೋಡು ಇವಿಲ್ಲದೆ ಡಬ್ಬಿಯನ್ನು ತೆರೆಯಕೂಡದು. ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು. ಪಕ್ಕದಲ್ಲಿ ಎರಡು ಬಿಂದಿಗೆ ತಣ್ಣೀರು ಸಿದ್ಧವಾಗಿರಲಿ. ನಲ್ಲಿಯಿದ್ದರೆ ಇನ್ನೂ ಒಳ್ಳೆಯದು. ಮೈಗೆ ಸಿಡಿದರೆ ಬಟ್ಟೆಯನ್ನು ತೆಗೆದು ಧಾರೆಯಾಗಿ ನೀರು ಹೊಯ್ಯಬೇಕು. ಕಣ್ಣಿಗಾದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ನೀರು ಬಿಡುತ್ತ, ಕೂಡಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕ್ಷಾರಕ್ಕೆ ಹುಳಿಯೇ ಮದ್ದೆಂದು ನಿಂಬೆಹಣ್ಣು ಹಿಂಡುವ, ಹುಣಿಸೆಹಣ್ಣು ಬಳಿಯುವ ಅಭ್ಯಾಸವುಂಟು. ಇದರಿಂದ ಹೊತ್ತು ಕಳೆಯುವುದಲ್ಲದೆ ಹುಳಿ ಕ್ಷಾರಗಳು ಸೇರುವ ಕಾವು ಗಾಯದ ಮೇಲೆಯೇ ಏಳುವುದು. ನುಂಗಿದವರಿಗೆ ವಾಂತಿ ಮಾಡಿಸಕೂಡದು. ಮೇಲೇರಿ ಬಂದದ್ದು ಎರಡನೆಯ ಸಲ ಗಂಟಲನ್ನು ಸುಡುವುದು. ಬಾಯಿ ಮುಕ್ಕಳಿಸಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮಾಡುವ ರೀತಿ:—ಮೊದಲು 380 ಗ್ರಾಂ ತಣ್ಣೀರನ್ನು ಸ್ಟೀಲು ಚೊಂಬಿನಲ್ಲಿ ತೂಗಿಡಬೇಕು. 146 ಗ್ರಾಂ ಸೋಡವನ್ನು ಒಣಗಿದ ಬೇರೆ ಬಟ್ಟಲಿನಲ್ಲಿ ತೂಗಿ, ಸ್ವಲ್ಪ ಸ್ವಲ್ಪವಾಗಿ ನೀರಿಗೆ ಉದುರಿಸುತ್ತ ಕಲಕಬೇಕು. ಸೋಡವು ನೀರಿಗೆ ಬೀಳಬೇಕೇ ಹೊರತು ನೀರು ಸೋಡದ ಮೇಲೆ ಬೀಳಕೂಡದು. ಹಾಗೆ ಬಿದ್ದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುವುದು. ಒಲೆಯಿಲ್ಲದೆಯೇ ಈ ನೀರು 80 ಡಿಗ್ರಿಗೂ ಮೇಲೆ ಕಾಯುವುದನ್ನು ಕಂಡು ಹೊಸಬರು ಬೆರಗಾಗುವರು. ಅದರಿಂದೇಳುವ ಆವಿಯು ಗಂಟಲನ್ನು ಕೆರೆಯುವುದರಿಂದ ಗಾಳಿ ಬೀಸುವ ಕಡೆ ಬೆನ್ನು ಮಾಡಿ ನಿಲ್ಲಬೇಕು. ನೀರು ತಿಳಿಯಾದ ಮೇಲೆ ಹಾಗೆಯೇ ಕೈಗೆಟುಕದ ಕಡೆ ಇಡಬೇಕು.

ಎಣ್ಣೆಗಳನ್ನು ದೊಡ್ಡ ಪಾತ್ರೆಯಲ್ಲಿ ತೂಗಿ 70 ಡಿಗ್ರಿಯವರೆಗೆ ಕಾಯಿಸಿ ಒಲೆಯಿಂದ ಇಳಿಸಬೇಕು. ಸೋಡದ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ಬಿಡದೆ ತಿರುವಬೇಕು. ಎಣ್ಣೆಯು ಮೊದಲು ಮಬ್ಬಾಗಿ, ಆಮೇಲೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಬರಬರುತ್ತ ದಪ್ಪವಾಗುವುದು. ಸೌಟನ್ನು ಎತ್ತಿ ಮೇಲಿನಿಂದ ಇಳಿಯಬಿಟ್ಟಾಗ ಬಿದ್ದ ಗೆರೆಯು ಕೂಡಲೆ ಮುಳುಗದೆ ದೋಸೆ ಹಿಟ್ಟಿನ ಮೇಲಿನ ಗೆರೆಯಂತೆ ಕ್ಷಣಕಾಲ ನಿಂತರೆ ಎಣ್ಣೆಯೂ ನೀರೂ ಇನ್ನು ಬೇರೆಯಾಗಲಾರವೆಂದು ತಿಳಿಯಬೇಕು. ಕೈಯಿಂದ ತಿರುವುವವರಿಗೆ ಇದು ಅರ್ಧ ಗಂಟೆಯೂ ಹಿಡಿಯಬಹುದು. ಹಿಡಿಯಂತ್ರದಿಂದ ಕೆಲವು ನಿಮಿಷಗಳ ಕೆಲಸ. ಈ ಹದ ಬರುವುದಕ್ಕೆ ಮುಂಚೆ ಬೇಸರಪಟ್ಟು ಒಲೆಗೇರಿಸಿದರೆ ಎಣ್ಣೆ ಮೇಲೆ, ಕಾಸ್ಟಿಕ್ಕು ಕೆಳಗೆ ಆಗಿ ಪಾಕವು ಒಡೆಯುವುದು.

ಇಲ್ಲಿಯವರೆಗೆ ಬೇಯಿಸದೆ ಮಾಡುವ ಸಾಬೂನಿಗೂ ಇದಕ್ಕೂ ಹೆಚ್ಚು ಭೇದವಿಲ್ಲ. ಬೇಯಿಸದ ಕ್ರಮದಲ್ಲಿ ಇದನ್ನು ಈಗಲೇ ಅಚ್ಚಿಗೆ ಹೊಯ್ದು ನಾಲ್ಕಾರು ವಾರ ಇಟ್ಟುಬಿಡುವರು. ಬೇಯಿಸುವ ಕ್ರಮದಲ್ಲಿ ಕಾವಿನಿಂದ ಎಣ್ಣೆ ಸೋಡಗಳು ಕಣ್ಣೆದುರಿಗೇ ಕೂಡಿ ಮುಗಿಯುವುವು. ಸಾಬೂನು ಒಲೆಯ ಮೇಲಿರುವಾಗಲೇ ಪರೀಕ್ಷೆ ಮಾಡಿ ತಪ್ಪನ್ನು ತಿದ್ದಬಹುದು. ಹೊಸಬರಿಗೆ ಇದು ಯೋಗ್ಯವೆನ್ನುವುದು ಈ ಕಾರಣದಿಂದ. ಅಂದ ಚೆಂದದಲ್ಲಿ ಬೇಯಿಸದ ಸಾಬೂನೇ ಮೇಲೆಂಬುದನ್ನು ಒಪ್ಪತಕ್ಕದ್ದೇ.

ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಾಬೂನಿನ ಪಾತ್ರೆಯನ್ನಿಟ್ಟು ಮುಚ್ಚಳ ಮುಚ್ಚಬೇಕು. ನೇರವಾಗಿ ಉರಿಯ ಮೇಲಿಟ್ಟರೆ ತಳ ಸೀಯುವುದು. ಹೊರಪಾತ್ರೆಯ ನೀರು ಬತ್ತದಂತೆ ನೋಡುತ್ತಿರಬೇಕು. ಕಾಲು ಗಂಟೆಗೊಮ್ಮೆ ಮುಚ್ಚಳ ತೆಗೆದು ಕೆದಕಬೇಕು. ಮೊದಲು ಅಂಚಿನಲ್ಲಿ ಪಾಕವು ಗಾಜಿನಂತೆ ಪಾರಕವಾಗುವುದು, ನಡುವೆ ಬೆಳ್ಳಗೇ ಇರುವುದು. ಈ ಘಟ್ಟದಲ್ಲಿಯೇ ಸಾಬೂನು ಇದ್ದಕ್ಕಿದ್ದಂತೆ ಉಬ್ಬಿ ಮೇಲೇರುವುದು. ಆಗ ಓಡದೆ, ಪಾತ್ರೆಯನ್ನು ಹೊರಗೆತ್ತಿ ಸೌಟಿನಿಂದ ಕೆದಕಿದರೆ ಇಳಿದುಹೋಗುವುದು. ಬಳಿಕ ಒಡೆದ ಮೊಸರಿನಂತೆ ಗಂಟುಗಂಟಾಗಿ, ಕೆಟ್ಟುಹೋಯಿತೇನೋ ಎನಿಸುವುದು, ಕೆಟ್ಟಿರುವುದಿಲ್ಲ. ಒಂದರಿಂದ ಎರಡು ಗಂಟೆಯೊಳಗೆ ಬಿಳಿಯ ಭಾಗವೆಲ್ಲ ಮಾಯವಾಗಿ, ಬೆಂದ ಸಬ್ಬಕ್ಕಿ ಸಂಡಿಗೆಯ ಹಿಟ್ಟಿನಂತೆ ಪಾರಕವಾದ ಮುದ್ದೆಯಾಗುವುದು. ಸಂಡಿಗೆ ಹಿಟ್ಟಿನ ಹದವನ್ನು ಬಲ್ಲ ಗೃಹಿಣಿಗೆ ಈ ಹದವನ್ನು ಎರಡನೆಯ ಸಲ ತೋರಿಸಬೇಕಾಗಿಲ್ಲ. ಅತಿಯಾಗಿ ಬಿಗಿಯಾಗಿದ್ದರೆ ಒಂದೆರಡು ಚಮಚೆ ಬಿಸಿನೀರನ್ನು ಚಿಮುಕಿಸಬಹುದು.

ಪರೀಕ್ಷೆ:—ಅರಿಶಿನಕ್ಕೆ ಸುಣ್ಣ ತಗುಲಿದರೆ ಓಕುಳಿಯಾಗಿ ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಇದೇ ರೀತಿ ಸಾಬೂನನ್ನು ಅರಿಶಿನಕ್ಕೆ ಹಚ್ಚಿ ಕೆಂಪಾಯಿತೆಂದರೆ ಕಾಸ್ಟಿಕ್ಕು ಉಳಿದಿದೆಯೆಂದು ನಿರ್ಣಯಿಸುವವರಿದ್ದಾರೆ. ಇದು ಸರಿಯಲ್ಲ. ಎಷ್ಟು ಚೆನ್ನಾಗಿ ಬೆಂದ ನಿಜವಾದ ಸಾಬೂನಾದರೂ ಅದರ ನೀರು ಸ್ವಲ್ಪ ಕ್ಷಾರವಾಗಿಯೇ ಇರುವುದರಿಂದ ಅರಿಶಿನವನ್ನು ಕೆಂಪು ಮಾಡುವುದು. ಅಂಗಡಿಯ ಸಾಬೂನಿನಿಂದಲೂ ಸೀರೆಯ ಅರಿಶಿನದ ಕಲೆ ಕೆಂಪಾಗುವುದನ್ನು ನೋಡಬಹುದು. ಹೀಗೆ ಒಳ್ಳೆಯ ಸಾಬೂನನ್ನೂ ಕೆಟ್ಟದ್ದನ್ನೂ ಒಂದೇ ಬಣ್ಣದಲ್ಲಿ ತೋರಿಸುವ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಪಿಎಚ್ ಕಾಗದವು ಇದಕ್ಕಿಂತ ಉತ್ತಮ. ಒಂದು ಗ್ರಾಂ ಸಾಬೂನನ್ನು ನೂರು ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ ಕಾಗದವನ್ನು ಅದ್ದಿದರೆ ಒಳ್ಳೆಯ ಸಾಬೂನು 9ರಿಂದ 10ರವರೆಗೆ ತೋರಿಸುವುದು. 11ಕ್ಕೆ ಮೇಲೇರಿದರೆ ಕಾಸ್ಟಿಕ್ಕು ಉಳಿದಿದೆಯೆಂದು ಶಂಕಿಸಬೇಕು. ಇನ್ನೂ ನಿಶ್ಚಯವಾಗಬೇಕಾದರೆ ಔಷಧದ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅವರೆಕಾಳಿನಷ್ಟು ಸಾಬೂನನ್ನು ಕರಗಿಸಿ, ಫಿನಾಲ್ಫ್ತಲೀನ್ ದ್ರವದ ಒಂದು ಹನಿಯನ್ನು ಬಿಡಬೇಕು. ನೀರಿಲ್ಲದ ಆಲ್ಕೊಹಾಲಿನಲ್ಲಿ ಸಾಬೂನು ತನ್ನ ಕ್ಷಾರವನ್ನು ತೋರಿಸುವುದಿಲ್ಲ. ಬಿಡಿಯಾಗಿ ಉಳಿದ ಕಾಸ್ಟಿಕ್ಕು ಮಾತ್ರ ಗುಲಾಬಿ ಬಣ್ಣವನ್ನು ಕೊಡುವುದು. ಆಲ್ಕೊಹಾಲು ಬೇಗನೆ ಹೊತ್ತಿಕೊಳ್ಳುವ ಪದಾರ್ಥವಾದುದರಿಂದ ಇದನ್ನು ಒಲೆಯಿಂದ ದೂರದಲ್ಲಿ ಮಾಡಬೇಕು. ಬೆಚ್ಚಗೆ ಮಾಡಬೇಕಾದರೆ ಸೀಸೆಯನ್ನು ಬಿಸಿನೀರಿನ ಬಟ್ಟಲಿನಲ್ಲಿ ನಿಲ್ಲಿಸಿದರೆ ಸಾಕು. ಬಣ್ಣ ಬಂದರೆ ಇನ್ನರ್ಧ ಗಂಟೆ ಬೇಯಿಸಿ ಮತ್ತೆ ನೋಡಬೇಕು. ನಾಲಿಗೆಯ ತುದಿಗೆ ಮುಟ್ಟಿಸಿ ಚುರುಕೆನ್ನುವುದೇ ಎಂದು ನೋಡುವ ಪದ್ಧತಿ ಕಸಬಿನವರಲ್ಲಿ ಇದೆಯಾದರೂ ಹೊಸಬರು ಅದಕ್ಕೆ ಕೈಹಾಕಬೇಕಾಗಿಲ್ಲ.

ಪಾಕವು 65 ಡಿಗ್ರಿಗೆ ಇಳಿದ ಮೇಲೆ ಸುವಾಸನೆಯನ್ನು ಸೇರಿಸಬೇಕು. ಕುದಿಯುವಾಗ ಹಾಕಿದರೆ ಆವಿಯಾಗಿ ಹೋಗುವುದು. ಕಿಲೋ ಎಣ್ಣೆಗೆ ನಿಂಬೆಹುಲ್ಲಿನ ಎಣ್ಣೆ 10 ಗ್ರಾಂ ಧಾರಾಳ. ಅಪ್ಪಟ ಗಂಧದೆಣ್ಣೆಯನ್ನು ಮನೆಯ ಸಾಬೂನಿಗೆ ಹಾಕುವುದು ಬೆಲೆಯ ದೃಷ್ಟಿಯಿಂದ ವಿಚಾರ ಮಾಡತಕ್ಕದ್ದೇ ಅಲ್ಲ. ಬಣ್ಣಕ್ಕೆಂದು ಅರಿಶಿನ ಹಾಕುವವರು ಹಳದಿಯನ್ನು ನಿರೀಕ್ಷಿಸದಿರಲಿ. ಮೇಲೆ ಹೇಳಿದ ಕಾರಣದಿಂದ ಅದು ಕೆಂಪು ಕಂದಾಗುವುದು. ಎಣ್ಣೆ ಕಾಗದ ಹಾಸಿದ ಮರದ ಪೆಟ್ಟಿಗೆಗೆ ಮುದ್ದೆಯನ್ನು ತುಂಬಿ, ಒಳಗೆ ಗಾಳಿ ಸಿಕ್ಕದಂತೆ ಪೆಟ್ಟಿಗೆಯನ್ನು ನೆಲಕ್ಕೆ ಕುಟ್ಟಿ ಒತ್ತಬೇಕು. ಮರುದಿನ ತಂತಿಯಿಂದ ಕೊಯ್ದರೆ ನೂರು ಗ್ರಾಂನ ಹದಿಮೂರು ಹದಿನಾಲ್ಕು ಬಿಲ್ಲೆಗಳಾಗುವುವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಬೂನನ್ನು ಅಂದೇ ಬಳಸಬಹುದಾದರೂ ನೀರಿನ ಅಂಶ ಹೆಚ್ಚಿರುವುದರಿಂದ ಬೇಗ ಕರಗಿಹೋಗುವುದು. ನೆರಳಿನಲ್ಲಿ ಗಾಳಿಯಾಡುವ ಕಡೆ ಬಿಲ್ಲೆಗಳನ್ನು ಒಂದಕ್ಕೊಂದು ತಗುಲದಂತೆ ಮೂರು ವಾರ ಜೋಡಿಸಿಟ್ಟರೆ ಗಟ್ಟಿಯಾಗುವುವು. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಇನ್ನೂ ಹೆಚ್ಚು ದಿನ ಬೇಕು.

ಬಟ್ಟೆ ಸಾಬೂನಿಗೆ ಹೊಂಗೆ ಎಣ್ಣೆಯು ಅನುಕೂಲವಾದುದು. ಬದುವಿನ ಹೊಂಗೆ ಮರಗಳ ಬೀಜವನ್ನು ಆರಿಸಿ ಗಾಣಕ್ಕೆ ಕೊಟ್ಟರೆ ತಿನ್ನುವ ಎಣ್ಣೆಯನ್ನು ಇದಕ್ಕಾಗಿ ಕಳೆಯಬೇಕಾಗಿಲ್ಲ, ಹಿಂಡಿಯು ಗೊಬ್ಬರವಾಗುವುದು. ಹೊಂಗೆ ಎಣ್ಣೆ 500 ಗ್ರಾಂ, ಕೊಬ್ಬರಿ ಎಣ್ಣೆ 500 ಗ್ರಾಂ, ಸೋಡ 148 ಗ್ರಾಂ, ನೀರು 380 ಗ್ರಾಂ. ಬೇಯಿಸುವ ರೀತಿಯು ಮೇಲಿನಂತೆಯೇ. ಸಾಬೂನು ಕಂದು ಬಣ್ಣವಾಗಿ ಹೊಂಗೆಯ ವಾಸನೆಯನ್ನು ಸ್ವಲ್ಪ ಉಳಿಸಿಕೊಂಡಿರುವುದು. ಬೆಳ್ಳನೆಯ ಪಂಚೆಗಳಿಗಿಂತ ಹೊಲದ ಬಟ್ಟೆಗಳಿಗೆ ಒಪ್ಪುವುದು. ಕರಿದುಳಿದ ಎಣ್ಣೆಯನ್ನು ಸೋಸಿ ಇದರಲ್ಲಿ ಸೇರಿಸಬಹುದು. ಆದರೆ ಅದು ಯಾವ ಎಣ್ಣೆಯೆಂಬುದು ತಿಳಿದಿರಬೇಕು, ಸೋಡದ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಮಾಡಬೇಕು.

ತಪ್ಪಿದಾಗ ಮಾಡಬೇಕಾದುದು:—ಬಿಲ್ಲೆಯು ಕೊಯ್ಯುವಾಗ ಪುಡಿಪುಡಿಯಾಗಿ ಉದುರಿದರೆ ಸೋಡವು ಹೆಚ್ಚಾಗಿರಬಹುದು. ಜಿಡ್ಡಾಗಿ, ಒತ್ತಿದಲ್ಲಿ ಬೆರಳು ಇಳಿದರೆ ಸೋಡ ಕಡಿಮೆ ಇಲ್ಲವೆ ನೀರು ಹೆಚ್ಚು. ಬಿಲ್ಲೆಯ ಬಿರುಕಿನಲ್ಲಿ ನೀರಿನಂತಹ ದ್ರವ ಕಂಡರೆ ಅದನ್ನು ಬರಿಗೈಯಲ್ಲಿ ಮುಟ್ಟಕೂಡದು; ಅದು ಕೂಡದೆ ಉಳಿದ ಕಾಸ್ಟಿಕ್ಕಾಗಿರಬಹುದು. ತೂಕದ ಚೀಟಿಯನ್ನು ಬರೆದಿಟ್ಟವರಿಗೆ ಮಾತ್ರ ಇದನ್ನು ತಿದ್ದುವ ದಾರಿಯುಂಟು. 146ರ ಬದಲು 164 ಗ್ರಾಂ ಬಿದ್ದಿತ್ತೆಂದು ಚೀಟಿಯಿಂದ ಗೊತ್ತಾದರೆ, ಹೆಚ್ಚಾದ 18 ಗ್ರಾಂ ಸೋಡವನ್ನು ತೀರಿಸುವುದಕ್ಕೆ 132 ಗ್ರಾಂ ಕಡಲೆಕಾಯಿ ಎಣ್ಣೆ ಬೇಕು. ಸಾಬೂನನ್ನು ತುರಿದು, ಸ್ವಲ್ಪ ನೀರು ಸೇರಿಸಿ, ಅದೇ ಪಾತ್ರೆಯಲ್ಲಿ ಕರಗಿಸಿ, ಎಣ್ಣೆಯನ್ನು ಬೆರೆಸಿ ಮತ್ತೆ ಬೇಯಿಸಿ ಪರೀಕ್ಷಿಸಬೇಕು. ಚೀಟಿಯಿಲ್ಲದವರು ಆ ಪಾಕವನ್ನು ಮೈಗೆ ಮುಟ್ಟಿಸದೆ ಬಿಡುವುದು ಕ್ಷೇಮ.

ಕೆಲಸ ಮುಗಿದ ಪಾತ್ರೆಗಳನ್ನು ಹಳೆಯ ಕಾಗದದಿಂದ ಒರೆಸಿದ ಮೇಲೆ ಕೈಚೀಲ ಹಾಕಿಕೊಂಡೇ ತೊಳೆಯಬೇಕು. ಆ ನೀರು ಬಾವಿಯ ಬದಿಗಾಗಲಿ ದನದ ಬಾನಿಗಾಗಲಿ ಹರಿಯಕೂಡದು. ಮನೆಯ ಬಳಕೆಗಲ್ಲದೆ ಮಾರಾಟಕ್ಕೆಂದು ಸ್ನಾನದ ಸಾಬೂನು ಮಾಡಬೇಕೆಂಬ ಸ್ತ್ರೀಶಕ್ತಿ ಸಂಘದವರು 2020ರ ಸೌಂದರ್ಯವರ್ಧಕಗಳ ನಿಯಮಗಳಿಗನುಸಾರವಾಗಿ ಲೈಸೆನ್ಸು ಪಡೆಯಬೇಕಾಗುವುದು. ಮೊದಲ ಪಾಕವೇ ಚೆನ್ನಾಗಿ ಬಂದಿತೆಂದು ಸಂತೆಗೆ ಒಯ್ಯತಕ್ಕದ್ದಲ್ಲ. ಉಳಿದ ಕಾಸ್ಟಿಕ್ ಸೋಡವನ್ನು ತಂದ ಡಬ್ಬಿಯಲ್ಲಿಯೇ ಬಿಗಿಯಾಗಿ ಮುಚ್ಚಿ, ಬೀಗವಿರುವ ಪೆಟ್ಟಿಗೆಯಲ್ಲಿಡಬೇಕು. ಉಪ್ಪು ಸಕ್ಕರೆಗಳ ಡಬ್ಬಿಗಾಗಲಿ, ಕುಡಿಯುವ ನೀರಿನ ಸೀಸೆಗಾಗಲಿ ಅದನ್ನು ಒಂದು ಗಳಿಗೆಯ ಮಟ್ಟಿಗೂ ಬದಲಾಯಿಸಿ ತುಂಬಕೂಡದು.